ಬೇರೆ ಶ್ರುತಿಯ ಗಿಟಾರ್, ಬಡಿದು ನುಡಿಸುವ ಗಿಟಾರ್: ಯಾರಿಂದ ಕೇಳಲು ಶುರು ಮಾಡೋಣ?

ಧಾರವಾಡದ ನಮ್ಮ ಮನೆಯಲ್ಲಿ ಎರಡು ತಂತಿವಾದ್ಯಗಳಿವೆ. ಒಂದು ಅತ್ತೆಯ ತಂಬೂರಿ, ಇನ್ನೊಂದು ನನ್ನ ಗಿಟಾರ್. ಒಂದು ಸಂಜೆ ನಾನು ಗಿಟಾರಿನ ಮೂರು ತಂತಿಗಳನ್ನು ಒಂದೊಂದು ಸ್ವರದಷ್ಟು ಇಳಿಸಿದ್ದೆ. ಎಲ್ಲೂ ಬೆರಳು ಒತ್ತದೆ, ಆರೂ ತಂತಿಗಳನ್ನು ನಿಧಾನಕ್ಕೆ ಮೀಟುತ್ತಾ ಕುಳಿತಿದ್ದೆ. ಅಡುಗೆಮನೆಯಿಂದ ಅತ್ತೆಯ ದನಿ ಬಂತು: “ತಂಬೂರಿ ಯಾರ ತಗದಾರ?”

“ತಂಬೂರಿ ಅಲ್ಲ ಅತ್ತಿ, ಗಿಟಾರ್” ಅಂದೆ.

ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲೇ ನಿಂತು ಕೇಳಿದರು. “ಪಂಚಮಾನೂ ಹಚ್ಚೀದಿ, ಮಧ್ಯಮಾನೂ ಹಚ್ಚೀದಿ. ಎರಡೂ ಯಾಕ?” ಮತ್ತೆ ಸ್ವಲ್ಪ ಹೊತ್ತು ಬಿಟ್ಟು, “ಗಾಂಧಾರ ಇಲ್ಲ ನೋಡು, ಅದಕ್ಕ ಹಿಂಗ ಕೇಳ್ತದ” ಅಂದರು.

ನಾನು ಹಚ್ಚಿದ್ದು ಗಿಟಾರ್ ಲೋಕದಲ್ಲಿ ಬಹಳ ಹೆಸರು ಮಾಡಿದ ಶ್ರುತಿ. ದಪ್ಪ ತಂತಿಯಿಂದ ಶುರುಮಾಡಿದರೆ ಡಿ, ಎ, ಡಿ, ಜಿ, ಎ, ಡಿ. ಎಲ್ಲರೂ ಅದನ್ನು ‘ಡ್ಯಾಡ್‌ಗ್ಯಾಡ್’ ಅಂತಲೇ ಕರೆಯುತ್ತಾರೆ. ಡಿ ಸ್ವರವನ್ನು ಷಡ್ಜ ಅಂದುಕೊಳ್ಳಿ. ಆಗ ಅದು ಸ ಪ ಸ ಮ ಪ ಸ. ತಂಬೂರಿಯಲ್ಲಿ ಮೊದಲ ತಂತಿಗೆ ಪಂಚಮ ಇಲ್ಲವೇ ಮಧ್ಯಮ ಹಚ್ಚುತ್ತೇವೆ, ಇಲ್ಲಿ ಎರಡೂ ಇವೆ. ಗಾಂಧಾರ ಇಲ್ಲದ್ದರಿಂದ ಕೋಮಲವೋ ಶುದ್ಧವೋ ಅನ್ನುವ ಪ್ರಶ್ನೆಯೇ ತೆರೆದಿರುತ್ತದೆ. ಇದರ ಬಗ್ಗೆ ನಾನು ಎಷ್ಟೋ ಓದಿದ್ದೆ. ಅತ್ತೆ ಬಾಗಿಲಲ್ಲಿ ನಿಂತು ಕೇಳಿ ಹೇಳಿಬಿಟ್ಟರು.

ಆ ಸಂಜೆಯಿಂದ ನನಗೆ ಒಂದು ಮಾತು ಗಟ್ಟಿಯಾಯಿತು. ಈ ಬಗೆಯ ಗಿಟಾರ್ ನಮ್ಮ ಕಡೆಯ ಕಿವಿಗೆ ಹೊರಗಿನದಲ್ಲ. ಆದರೆ ಬಹಳಷ್ಟು ಜನ ಇದಕ್ಕೆ ಬರುವುದು ಕಣ್ಣಿನ ಮೂಲಕ. ಮೊಬೈಲಿನಲ್ಲಿ ಯಾರೋ ಗಿಟಾರನ್ನು ತಬಲಾದ ಹಾಗೆ ಬಡಿಯುತ್ತಿರುತ್ತಾರೆ, ನಾವು ಬೆರಗಾಗಿ ನೋಡುತ್ತೇವೆ, ಮುಂದಿನ ವಿಡಿಯೋಗೆ ಹೋಗುತ್ತೇವೆ. ಮೂರು ದಿನದಲ್ಲಿ ಬೇಜಾರು ಬರುತ್ತದೆ. ಕಿವಿಯಿಂದ ಆಯ್ದುಕೊಂಡರೆ ಹಾಗಾಗುವುದಿಲ್ಲ. ಹಾಗಾಗಿ ಯಾರನ್ನು ಮೊದಲು ಕೇಳಬೇಕು, ಯಾರನ್ನು ಆಮೇಲೆ, ಯಾರಿಗೆ ಯಾರು ಹಿಡಿಸಬಹುದು ಅನ್ನೋದನ್ನು ಇಲ್ಲಿ ಹೋಲಿಸಿ ಹೇಳುತ್ತೇನೆ.

ಶ್ರುತಿ ಬೇರೆ, ಬಡಿತ ಬೇರೆ

ಇವೆರಡನ್ನೂ ಜನ ಒಂದೇ ಗಂಟಿಗೆ ಕಟ್ಟುತ್ತಾರೆ. ಆದರೆ ಶ್ರುತಿ ಬದಲಿಸಿಯೂ ಒಂದು ಏಟು ಹಾಕದೆ ನುಡಿಸುವವರಿದ್ದಾರೆ. ಮಾಮೂಲಿ ಶ್ರುತಿಯಲ್ಲೇ ಇಟ್ಟುಕೊಂಡು ಗಿಟಾರಿನ ಮೈಯನ್ನೇ ಡೋಲು ಮಾಡುವವರೂ ಇದ್ದಾರೆ. ನಿಮಗೆ ಯಾವುದು ಹೆಚ್ಚು ಇಷ್ಟ ಅನ್ನುವುದು ಗೊತ್ತಾದರೆ ಅರ್ಧ ಆಯ್ಕೆ ಮುಗಿದ ಹಾಗೆ.

ಹಾಗಾದರೆ ಎರಡೂ ಒಟ್ಟಿಗೆ ಕಾಣಿಸಿಕೊಳ್ಳುವುದು ಯಾಕೆ? ಕಾರಣ ಸರಳ. ಮಾಮೂಲಿ ಶ್ರುತಿಯಲ್ಲಿ, ಅಂದರೆ ಇ ಎ ಡಿ ಜಿ ಬಿ ಇ ಇದ್ದಾಗ, ಬೆರಳು ಒತ್ತದೆ ಮೀಟಿದರೆ ಹಿತವಾದ ಸ್ವರಗೂಡು (ಕಾರ್ಡ್) ಬರುವುದಿಲ್ಲ. ಎಡಗೈ ಸದಾ ಒತ್ತಿ ಹಿಡಿದಿರಬೇಕು. ತಂತಿಗಳನ್ನು ಒಂದಕ್ಕೊಂದು ಹೊಂದುವ ಹಾಗೆ ಶ್ರುತಿ ಮಾಡಿದರೆ ಕೈ ಬಿಟ್ಟರೂ ನಾದ ನಿಲ್ಲುವುದಿಲ್ಲ. ಆಗ ಎಡಗೈ ಬಿಡುವಾಯಿತು. ಬಿಡುವಾದ ಕೈ ತಂತಿಯನ್ನು ಮೇಲಿನಿಂದ ಬೆರಳಲ್ಲಿ ಬಡಿದು ಸ್ವರ ಹುಟ್ಟಿಸಬಹುದು, ಇಲ್ಲವೇ ಮರದ ಮೈ ಮೇಲೆ ತಾಳ ಹಾಕಬಹುದು.

ಬಡಿತದಲ್ಲೂ ಜಾಗಕ್ಕೊಂದು ದನಿ ಇದೆ. ಅಂಗೈ ಬುಡದಿಂದ ಧ್ವನಿರಂಧ್ರದ ಮೇಲುಗಡೆ ಗುದ್ದಿದರೆ ಡಗ್ಗಾದ ಹಾಗೆ ಗುಂಯ್ ಎನ್ನುತ್ತದೆ. ಪಕ್ಕದ ಹಲಗೆಗೆ ಬೆರಳ ಗೆಣ್ಣಿನಿಂದ ಕುಟ್ಟಿದರೆ ತಬಲಾದ ಕಿನಾರಿನ ಚಾಟಿ. ಉಗುರಿನಿಂದ ಗೀರಿದರೆ ಸರ್ ಅನ್ನುವ ಇನ್ನೊಂದು ದನಿ. ಹನ್ನೆರಡನೇ ಫ್ರೆಟ್ಟಿನ (ಕುತ್ತಿಗೆಯ ಮೇಲಿನ ಅಡ್ಡ ಲೋಹದ ಪಟ್ಟಿ) ಮೇಲೆ ತಂತಿಗಳಿಗೆ ಬೆರಳಿಂದ ಚಟ್ಟನೆ ಹೊಡೆದು ತೆಗೆದರೆ ಗಂಟೆಯಂಥ ನಾದ ಬರುತ್ತದೆ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋದವರು ಚೌಡಕಿ ಕೇಳಿರುತ್ತೀರಿ. ಚರ್ಮ ಬಿಗಿದ ಡಬ್ಬಿಯಂಥ ಮೈ, ಅದರಿಂದ ಹೊರಟ ಒಂದೇ ತಂತಿ. ಮೀಟಿದರೆ ಸ್ವರವೂ ಅದೇ, ತಾಳವೂ ಅದೇ. ಒಂದು ವಾದ್ಯದಲ್ಲಿ ಎರಡೂ ಕೆಲಸ ನಡೆಯುವುದು ನಮಗೆ ಹೊಸದೇನಲ್ಲ.

ಒಬ್ಬರನ್ನೇ ಕೇಳುವುದಾದರೆ ಮೈಕೆಲ್ ಹೆಡ್ಜಸ್

ಅಮೆರಿಕದ ಮೈಕೆಲ್ ಹೆಡ್ಜಸ್ 1953ರಲ್ಲಿ ಹುಟ್ಟಿದರು. ಬಾಲ್ಟಿಮೋರಿನ ಪೀಬಾಡಿ ಸಂಗೀತ ಶಾಲೆಯಲ್ಲಿ ಸಂಗೀತ ರಚನೆಯನ್ನು ಓದಿದರು. 1984ರಲ್ಲಿ ವಿಂಡಮ್ ಹಿಲ್ ಕಂಪನಿಯಿಂದ ಅವರ ‘ಏರಿಯಲ್ ಬೌಂಡರೀಸ್’ ಆಲ್ಬಂ ಬಂತು. 1997ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ 43 ವರ್ಷ. ಇವತ್ತು ಗಿಟಾರ್ ಬಡಿಯುವವರಲ್ಲಿ ಎಷ್ಟೋ ಜನರ ದಾರಿ ಹಿಂದಕ್ಕೆ ಹೋದರೆ ಈ ಒಂದು ಆಲ್ಬಮ್ಮಿಗೆ ಬಂದು ಮುಟ್ಟುತ್ತದೆ.

ಅದರ ಮೊದಲ ತುಣುಕು, ಆಲ್ಬಮ್ಮಿನ ಹೆಸರಿನದೇ, ಕಣ್ಣು ಮುಚ್ಚಿ ಕೇಳಿ. ಇಬ್ಬರು ನುಡಿಸುತ್ತಿದ್ದಾರೆ ಅನ್ನಿಸುತ್ತದೆ. ಅಲ್ಲ, ಒಂದೇ ಗಿಟಾರ್. ಎಡಗೈ ತಂತಿಗಳ ಮೇಲೆ ತಾನೇ ಬಡಿದು, ತಾನೇ ಎಳೆದು ಕೆಳಗಿನ ಸ್ವರಗಳನ್ನು ನಡೆಸುತ್ತದೆ. ಬಲಗೈ ಮೇಲೆ ಇನ್ನೊಂದು ಎಳೆ ಹೆಣೆಯುತ್ತದೆ. ಶ್ರುತಿ ಸಿ ಸಿ ಡಿ ಜಿ ಎ ಡಿ. ಕೆಳಗಿನ ಎರಡೂ ತಂತಿ ಸಿ, ಆದರೆ ಒಂದು ಮಂದ್ರ, ಇನ್ನೊಂದು ಅದಕ್ಕಿಂತ ಒಂದು ಸಪ್ತಕ ಮೇಲೆ.

ನಾನು ಹೆಡ್ಜಸ್‌ರನ್ನು ಮೊದಲು ಇಡುವುದು ಬಡಿತಕ್ಕಾಗಿ ಅಲ್ಲ, ನಿಲ್ಲಿಸುವುದಕ್ಕಾಗಿ. ತೆರೆದ ಶ್ರುತಿಯಲ್ಲಿ ಎಲ್ಲ ತಂತಿಯೂ ಗುಂಯ್‌ಗುಡುತ್ತಾ ಒಂದರ ಮೇಲೊಂದು ಬಿದ್ದು ಕಲಸಿಹೋಗುವುದು ಸುಲಭ. ಅವರು ಪ್ರತಿ ಸ್ವರ ಎಲ್ಲಿ ಹುಟ್ಟಬೇಕು ಅನ್ನುವಷ್ಟೇ ಎಲ್ಲಿ ಮುಗಿಯಬೇಕು ಅಂತಲೂ ಲೆಕ್ಕ ಹಾಕಿ ತಂತಿಯನ್ನು ಮುಟ್ಟಿ ನಿಲ್ಲಿಸುತ್ತಾರೆ. ಒಂದು ಸಲ ಇದು ಕಿವಿಗೆ ಬಿದ್ದರೆ ಆಮೇಲೆ ಬೇರೆಯವರನ್ನು ಕೇಳುವಾಗ ಅಳತೆಗೋಲು ಸಿಕ್ಕ ಹಾಗೆ. ತಬಲಾದಲ್ಲೂ ಬೋಲು ಬಿಡಿಯಾಗಿ ಕೇಳಬೇಕು ಅನ್ನುತ್ತೇವಲ್ಲ, ಅದೇ ಇದು.

ಅವರಿಗೆ ಒಂದು ಕೊರತೆ ಇದೆ. ಮೊದಲ ಸಲಕ್ಕೆ ಮನಸ್ಸಿಗೆ ಹತ್ತುವ, ಗುನುಗಿಕೊಳ್ಳುವಂಥ ಧಾಟಿ ಕಡಿಮೆ. ಎರಡು ಮೂರು ಸಲ ಕೇಳುವ ತಾಳ್ಮೆ ಇಲ್ಲದಿದ್ದರೆ ಮುಂದೆ ಹೇಳುವ ಆ್ಯಂಡಿ ಮೆಕೀಯಿಂದ ಶುರು ಮಾಡಿ.

ಆ್ಯಂಡಿ ಮೆಕೀ ಮತ್ತು ಪ್ರೆಸ್ಟನ್ ರೀಡ್

ಆ್ಯಂಡಿ ಮೆಕೀ ಅಮೆರಿಕದ ಕಾನ್ಸಸ್ ರಾಜ್ಯದ ಟೊಪೀಕಾ ಊರಿನವರು. 2006ರಲ್ಲಿ ಕ್ಯಾಂಡಿರ‍್ಯಾಟ್ ಕಂಪನಿ ಅವರ ‘ಡ್ರಿಫ್ಟಿಂಗ್’ ವಿಡಿಯೋವನ್ನು ಯೂಟ್ಯೂಬಿಗೆ ಹಾಕಿತು. ಗಿಟಾರ್ ಬಡಿಯುವುದನ್ನು ಜಗತ್ತಿನ ಬಹಳಷ್ಟು ಜನ ಮೊದಲು ಕಂಡಿದ್ದು ಅದರಲ್ಲೇ. ಎಡಗೈ ಕುತ್ತಿಗೆಯ ಕೆಳಗಿನಿಂದ ಬರದೆ ಮೇಲಿನಿಂದ ಬಂದು ತಂತಿ ಹಿಡಿಯುತ್ತದೆ. ಶ್ರುತಿ ಅದೇ ನಮ್ಮ ಸ ಪ ಸ ಮ ಪ ಸ. ಧಾಟಿ ಸುಲಭ, ಲಯ ಖಚಿತ. ಮನೆಮಂದಿಯೆಲ್ಲ ಕೂತಿರುವಾಗ ಹಾಕಲು ಇದಕ್ಕಿಂತ ಒಳ್ಳೆಯದಿಲ್ಲ. ಅವರದೇ ‘ರೈಲಿನ್’ ಇನ್ನೂ ಮೆತ್ತಗಿನದು. ನನ್ನನ್ನು ಕೇಳಿದರೆ ‘ಡ್ರಿಫ್ಟಿಂಗ್’ಗಿಂತ ಅದೇ ಹೆಚ್ಚು ದಿನ ಬಾಳುತ್ತದೆ.

ಮೆಕೀಯವರ ಕೈಚಳಕದ ಹಿಂದೆ ಪ್ರೆಸ್ಟನ್ ರೀಡ್ ಇದ್ದಾರೆ. 1955ರಲ್ಲಿ ಹುಟ್ಟಿದವರು, ಅಮೆರಿಕದವರು. ಎರಡೂ ಕೈಯನ್ನು ಸಮಕ್ಕೆ ಬಿಟ್ಟುಕೊಂಡು ಗಿಟಾರಿನ ಮೇಲೆ ಪೂರ್ತಿ ಡ್ರಮ್ ಸೆಟ್ಟೇ ಕೂರಿಸುವ ಪದ್ಧತಿಯನ್ನು 1980ರ ದಶಕದ ಕೊನೆಯಲ್ಲಿ ಬೆಳೆಸಿದರು. ತಬಲಾ ಕಲಿತವರು, ಡ್ರಮ್ ಹುಚ್ಚಿನವರು ಮೆಕೀಯನ್ನು ಬಿಟ್ಟು ನೇರ ರೀಡ್ ಕಡೆ ಹೋಗಬಹುದು. ಮೆಕೀಯಲ್ಲಿ ಬಡಿತ ಧಾಟಿಗೆ ಹಾಕಿದ ಠೇಕಾ. ರೀಡ್‌ರಲ್ಲಿ ಬಡಿತವೇ ಮುಂದೆ ನಡೆಯುತ್ತದೆ, ಧಾಟಿ ಅದರ ಹಿಂದೆ ಬರುತ್ತದೆ.

ಕಾಕಿ ಕಿಂಗ್‌ರನ್ನೂ ಇಲ್ಲೇ ಹೇಳಬೇಕು. 1979ರಲ್ಲಿ ಅಟ್ಲಾಂಟಾದಲ್ಲಿ ಹುಟ್ಟಿದವರು, ಮೊದಲು ಡ್ರಮ್ ಬಾರಿಸುತ್ತಿದ್ದರು, ನ್ಯೂಯಾರ್ಕಿನ ಸುರಂಗ ರೈಲು ನಿಲ್ದಾಣಗಳಲ್ಲಿ ಗಿಟಾರ್ ನುಡಿಸಿದವರು. ಅವರ ‘ಪ್ಲೇಯಿಂಗ್ ವಿತ್ ಪಿಂಕ್ ನಾಯ್ಸ್’ 2004ರ ಆಲ್ಬಮ್ಮಿನದು. ಸಣ್ಣದು, ಚುರುಕು, ಒಂದು ಏಟೂ ಸುಮ್ನೆ ಬಿದ್ದಿಲ್ಲ. ಡ್ರಮ್ ಕಲಿತ ಕೈ ಅನ್ನೋದು ಮೊದಲ ಹತ್ತು ಸೆಕೆಂಡಿನಲ್ಲೇ ಗೊತ್ತಾಗುತ್ತದೆ.

ತಂಬೂರಿ ಕೇಳಿ ಬೆಳೆದ ಕಿವಿಗೆ

ಈ ಭಾಗದಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಮ್ಮಲ್ಲಿ ಬಹಳ ಜನ ಈ ಗುಂಪಿನವರು. ಸವಾಯಿ ಗಂಧರ್ವರ ಕುಂದಗೋಳ ಪಕ್ಕದಲ್ಲಿದೆ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಲ್ಲಿ, ಮಲ್ಲಿಕಾರ್ಜುನ ಮನಸೂರ ಧಾರವಾಡದಲ್ಲಿ ಬಾಳಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದವರು ಊರೂರಿಗೆ ಇದ್ದಾರೆ. ಸಿತಾರ ರತ್ನ ರಹಿಮತ್ ಖಾನರ ಮನೆತನದಿಂದ ಧಾರವಾಡಕ್ಕೆ ಸಿತಾರಿನ ದೊಡ್ಡ ಪರಂಪರೆಯೇ ಬಂತು. ಹಾಡಲು ಬಾರದವರಿಗೂ ಇಲ್ಲಿ ಷಡ್ಜ ಅಲುಗಿದರೆ ಗೊತ್ತಾಗುತ್ತದೆ.

ಇಂಥವರು ಬಡಿತದಿಂದ ಶುರು ಮಾಡಬೇಡಿ. ಪಿಯರ್ ಬೆನ್ಸೂಸಾನ್‌ರಿಂದ ಶುರು ಮಾಡಿ. 1957ರಲ್ಲಿ ಅಲ್ಜೀರಿಯಾದ ಒರಾನ್‌ನಲ್ಲಿ ಹುಟ್ಟಿದ ಫ್ರೆಂಚ್ ಗಿಟಾರ್ ವಾದಕ. ದಶಕಗಳಿಂದ ಡ್ಯಾಡ್‌ಗ್ಯಾಡ್ ಶ್ರುತಿಯೊಂದನ್ನೇ ಹಿಡಿದುಕೊಂಡಿದ್ದಾರೆ. ಬೇರೆಯವರಿಗೆ ಅದು ಒಂದು ಹಾಡಿಗಾಗಿ ಹಚ್ಚುವ ಶ್ರುತಿ, ಇವರಿಗೆ ಅದೇ ಮಾತೃಭಾಷೆ. ಒಂದೇ ಶ್ರುತಿಯಲ್ಲಿ ಇಷ್ಟು ವರ್ಷ ಉಳಿದರೆ ಎಷ್ಟು ಒಳಗೆ ಹೋಗಬಹುದು ಅನ್ನೋದಕ್ಕೆ ಅವರ ಕೈ ಸಾಕ್ಷಿ. ಏಟುಗಳು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನಮ್ಮ ಅತ್ತೆ ಇಡೀ ಆಲ್ಬಂ ಕೂತು ಕೇಳಿದ್ದು ಇವರದೊಂದೇ.

ಈ ಶ್ರುತಿಯ ಬೇರು ಇಂಗ್ಲೆಂಡಿನ ಡೇವಿ ಗ್ರಹಾಂ ಹತ್ತಿರ ಇದೆ. 1940ರಿಂದ 2008ರವರೆಗೆ ಬದುಕಿದವರು. 1960ರ ದಶಕದ ಮೊದಲ ಭಾಗದಲ್ಲಿ ಮೊರಾಕ್ಕೋಗೆ ಹೋದಾಗ ಅಲ್ಲಿಯ ಊದ್ ಎಂಬ ಅರಬ್ ತಂತಿವಾದ್ಯದವರ ಜೊತೆ ನುಡಿಸಲು ಗಿಟಾರನ್ನು ಹೀಗೆ ಹಚ್ಚಿಕೊಂಡರು. ಅಂದರೆ ಇದು ಮೊದಲಿನಿಂದಲೂ ರಾಗದಂಥ ಸಂಗೀತಕ್ಕೆ ಹತ್ತಿರವಾಗಲು ಮಾಡಿದ ಶ್ರುತಿ. ತಂಬೂರಿಯ ಹಾಗೆ ಕೇಳಿದ್ದರಲ್ಲಿ ಅಚ್ಚರಿ ಇಲ್ಲ, ಅಲ್ವಾ?

ಗಿಟಾರಲ್ಲಿ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ಬೇಕೇ ಬೇಕು ಅನ್ನುವವರಿಗೆ ಬೇರೆ ದಾರಿ ಇದೆ. ಬ್ರಿಜ್‌ಭೂಷಣ ಕಾಬ್ರಾ ಅವರು ಶಿವಕುಮಾರ ಶರ್ಮಾ, ಹರಿಪ್ರಸಾದ ಚೌರಾಸಿಯಾ ಜೊತೆ ನುಡಿಸಿದ 1967ರ ‘ಕಾಲ್ ಆಫ್ ದ ವ್ಯಾಲಿ’, ವಿಶ್ವಮೋಹನ ಭಟ್ಟರು ಗಿಟಾರನ್ನೇ ಮಾರ್ಪಡಿಸಿ ಮಾಡಿದ ಮೋಹನವೀಣೆ. ರೈ ಕೂಡರ್ ಜೊತೆಗಿನ ‘ಎ ಮೀಟಿಂಗ್ ಬೈ ದ ರಿವರ್’ಗೆ ಭಟ್ಟರಿಗೆ 1994ರಲ್ಲಿ ಗ್ರ್ಯಾಮಿ ಬಂತು. ಇವರದು ತಂತಿಯ ಮೇಲೆ ಕಡ್ಡಿ ಜಾರಿಸುವ ಪದ್ಧತಿ. ಬಡಿತ ಇಲ್ಲ, ಆದರೆ ಶ್ರುತಿ ಪೂರ್ತಿ ಬದಲಾಗಿದೆ.

ಇನ್ನೊಬ್ಬರು ಇಂಗ್ಲೆಂಡಿನ ಜಾನ್ ಗಾಮ್. ಅವರ ‘ಪ್ಯಾಶನ್‌ಫ್ಲವರ್’ ಕೇಳುವಾಗ ಸ್ವರ ಜಾರಿದ್ದು ಬೆರಳಿನಿಂದಲ್ಲ. ನುಡಿಸುತ್ತಲೇ ಬಿರಡೆಯನ್ನು ತಿರುಗಿಸಿ ಒಂದು ಸ್ವರದಿಂದ ಇನ್ನೊಂದಕ್ಕೆ ತಂತಿಯನ್ನೇ ಒಯ್ಯುತ್ತಾರೆ. ಅದಕ್ಕೆ ಬ್ಯಾಂಜೋ ವಾದ್ಯದ ವಿಶೇಷ ಬಿರಡೆಗಳನ್ನು ಹಾಕಿಸಿಕೊಂಡಿದ್ದಾರೆ. ಅವು ಹೇಳಿದ ಜಾಗದಲ್ಲಿ ತಾವೇ ನಿಲ್ಲುತ್ತವೆ. ಜೊತೆಗೆ ಹಾಡುತ್ತಾರೆ, ಮರದ ಮೇಲೆ ತಾಳವನ್ನೂ ಹಾಕುತ್ತಾರೆ. ಇಷ್ಟೆಲ್ಲ ಒಟ್ಟಿಗೆ ನಡೆದರೂ ಹಾಡು ಹಾಡಾಗಿಯೇ ಉಳಿಯುತ್ತದೆ. ವಿಡಿಯೋ ನೋಡಿ ಬಂದವರಿಗೆ ಎರಡನೇ ಮೆಟ್ಟಿಲಾಗಿ ನಾನು ಸಾಮಾನ್ಯವಾಗಿ ಇವರನ್ನೇ ಹೇಳುತ್ತೇನೆ.

ಉಳಿದವರು

ಡಾನ್ ರಾಸ್, ಕೆನಡಾದವರು. ಕಾನ್ಸಸ್‌ನ ವಿನ್‌ಫೀಲ್ಡ್‌ನಲ್ಲಿ ನಡೆಯುವ ಫಿಂಗರ್‌ಸ್ಟೈಲ್ (ಬೆರಳಿಂದಲೇ ಮೀಟುವ) ಗಿಟಾರ್ ಸ್ಪರ್ಧೆಯನ್ನು 1988 ಮತ್ತು 1996ರಲ್ಲಿ ಎರಡು ಸಲ ಗೆದ್ದರು. ಮರಕ್ಕೆ ಬಡಿಯುವುದು ಕಡಿಮೆ, ತಂತಿಯನ್ನೇ ಹೆಬ್ಬೆರಳಿನಿಂದ ಹೊಡೆದು ಲಯ ತೆಗೆಯುವುದು ಜಾಸ್ತಿ. ಹುಬ್ಬಳ್ಳಿ–ಧಾರವಾಡದ ನಡುವೆ ಚಿಗರಿ ಬಸ್ಸಿನಲ್ಲಿ ಓಡಾಡುವಾಗ ನಾನು ಹಾಕಿಕೊಳ್ಳುವುದು ಇವರನ್ನೇ. ಉಣಕಲ್ಲ ದಾಟುವಷ್ಟರಲ್ಲಿ ಕಾಲು ತಾನೇ ತಾಳ ಹಾಕುತ್ತಿರುತ್ತದೆ.

ಆಸ್ಟ್ರೇಲಿಯಾದ ಟಾಮಿ ಇಮ್ಯಾನುಯೆಲ್ ಹೆಚ್ಚಾಗಿ ಮಾಮೂಲಿ ಶ್ರುತಿಯಲ್ಲೇ ನುಡಿಸುತ್ತಾರೆ. ಡ್ರಮ್ಮಿನ ಬ್ರಷ್ ಹಿಡಿದು ಗಿಟಾರಿನ ಮೈ ಮೇಲೆ ಉಜ್ಜಿ ತಾಳ ತೆಗೆಯುವುದನ್ನು ಅವರಲ್ಲಿ ನೋಡಬೇಕು. ಶ್ರುತಿ ಬದಲಿಸುವ ಗೋಜು ಬೇಡ, ಬಡಿತ ಮಾತ್ರ ಸಾಕು ಅನ್ನುವವರಿಗೆ ಇವರು ಸರಿ.

ಪೋಲೆಂಡಿನ ಮಾರ್ಚಿನ್ ಈಗಿನ ಹುಡುಗರಿಗೆ ಬಹಳ ಪರಿಚಯ. 2000ದಲ್ಲಿ ಹುಟ್ಟಿದವರು. ವೇಗ, ಖಚಿತತೆ ಎರಡೂ ಕಣ್ಣು ಕೋರೈಸುವಂಥವು. ಆದರೆ ನನ್ನ ಅನುಭವದಲ್ಲಿ ಅವರನ್ನು ಮೊದಲು ಕೇಳಿದವರಿಗೆ ಹೆಡ್ಜಸ್ ನಿಧಾನ ಅನ್ನಿಸಿಬಿಡುತ್ತದೆ. ಅದಕ್ಕೇ ಕೊನೆಗೆ ಇಟ್ಟುಕೊಳ್ಳಿ ಅನ್ನುತ್ತೇನೆ.

ಬಡಿತ ಬೇಡ, ಹಾಡು ಬೇಕು ಅನ್ನುವವರಿಗೆ ಕೆನಡಾದ ಹಾಡುಗಾರ್ತಿ ಜೋನಿ ಮಿಚೆಲ್. ಒಂಬತ್ತನೇ ವಯಸ್ಸಿನಲ್ಲಿ ಪೋಲಿಯೋ ಆಗಿ ಎಡಗೈಯ ಶಕ್ತಿ ಕುಂದಿತ್ತು. ಕಷ್ಟದ ಹಿಡಿತಗಳು ಆಗುತ್ತಿರಲಿಲ್ಲ. ಶ್ರುತಿಯನ್ನೇ ಬದಲಿಸಿಕೊಂಡರು. ಹಾಗೆ ಹುಟ್ಟಿದ ಶ್ರುತಿಗಳು ಐವತ್ತಕ್ಕೂ ಹೆಚ್ಚು.

ಯಾರದು ಉಳಿಯುತ್ತದೆ ಅಂತ ತಿಳಿಯುವುದು ಹೇಗೆ?

ಹೊಸ ಹೆಸರು ಸಿಕ್ಕಾಗ ನಾನು ಮಾಡುವುದು ಇಷ್ಟು. ಮೊದಲ ಸಲ ವಿಡಿಯೋ ನೋಡುವುದಿಲ್ಲ, ಫೋನನ್ನು ಮಗುಚಿ ಇಡುತ್ತೇನೆ. ಕೇಳುತ್ತಾ, ಈ ಏಟುಗಳನ್ನೆಲ್ಲ ತೆಗೆದರೆ ಧಾಟಿ ನಿಲ್ಲುತ್ತದೆಯೇ ಅಂತ ಮನಸ್ಸಿನಲ್ಲಿ ನೋಡಿಕೊಳ್ಳುತ್ತೇನೆ. ಆಮೇಲೆ ಏಟಿಗೂ ಏಟಿಗೂ ನಡುವೆ ಖಾಲಿ ಜಾಗ ಇದೆಯೇ ನೋಡುತ್ತೇನೆ. ಒಳ್ಳೆ ತಬಲಾದವರು ಖ್ಯಾಲಿಗೆ ಸಾಥ್ ಕೊಡುವಾಗ ಸುಮ್ಮನೆ ಠೇಕಾ ಹಿಡಿದು ಕೂಡುತ್ತಾರೆ, ಜಾಗ ಸಿಕ್ಕಾಗ ಮಾತ್ರ ಎರಡು ಬೋಲು ಹೆಚ್ಚು ಹಾಕುತ್ತಾರೆ. ಅದೇ ಗುಣ ಇಲ್ಲಿಯೂ ಬೇಕು. ಮರುದಿನ ಬೆಳಗ್ಗೆ ಹಲ್ಲು ಉಜ್ಜುವಾಗ ಧಾಟಿ ನೆನಪಿಗೆ ಬಂದರೆ ಆಗ ವಿಡಿಯೋ ಹಾಕುತ್ತೇನೆ.

ಒಂದು ಮುಖ್ಯ ಮಾತು. ಇವನ್ನು ಮೊಬೈಲಿನ ಸ್ಪೀಕರಿನಲ್ಲಿ ಕೇಳಿ ತೀರ್ಮಾನ ಮಾಡಬೇಡಿ. ಹೆಡ್ಜಸ್‌ರ ದಪ್ಪ ಸಿ ತಂತಿ ಸುಮಾರು 65 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ, ಡ್ಯಾಡ್‌ಗ್ಯಾಡ್‌ನ ದಪ್ಪ ಡಿ ಸುಮಾರು 73. ಅಷ್ಟು ಕೆಳಗಿನ ನಾದವನ್ನು ಸಣ್ಣ ಸ್ಪೀಕರ್ ಹೊರಗೆ ತರಲಾರದು. ಅಂಗೈ ಗುದ್ದಿನ ಗುಮ್ಮೆನ್ನುವ ದನಿಯೂ ಅಲ್ಲಿ ಬರೀ ಟಪ್ ಅನ್ನುತ್ತದೆ. ಸಾಧಾರಣ ಇಯರ್‌ಫೋನ್ ಆದರೂ ಸಾಕು.

ಗಿಟಾರ್ ಕೈಯಲ್ಲಿ ಇದ್ದವರಿಗೆ

ಡ್ಯಾಡ್‌ಗ್ಯಾಡ್‌ನಿಂದ ಶುರು ಮಾಡಿ. ಮಾಮೂಲಿ ಶ್ರುತಿಯಿಂದ ಆರನೇ ತಂತಿ (ಎಲ್ಲಕ್ಕಿಂತ ದಪ್ಪನೆಯದು) ಇ ಇದ್ದದ್ದು ಡಿ, ಎರಡನೆಯದು ಬಿ ಇದ್ದದ್ದು ಎ, ಒಂದನೆಯದು ಇ ಇದ್ದದ್ದು ಡಿ. ಮೂರನ್ನೂ ಇಳಿಸುವುದೇ, ಯಾವುದನ್ನೂ ಏರಿಸುವುದಿಲ್ಲ. ತಂತಿ ಹರಿಯುವ ಭಯ ಇಲ್ಲ. ಆರನೆಯದನ್ನು ಇಳಿಸುವಾಗ ನಾಲ್ಕನೇ ತಂತಿಯ ಜೊತೆ ಹೋಲಿಸಿ, ಅದೂ ಡಿ, ಒಂದು ಸಪ್ತಕ ಮೇಲಿನದು. ಎರಡೂ ಒಟ್ಟಿಗೆ ಮೀಟಿದಾಗ ಅಲೆ ಅಲೆಯಾಗಿ ತೂಗುವುದು ನಿಂತರೆ ಶ್ರುತಿ ಸೇರಿತು ಅಂತ. ಯಂತ್ರ ಬೇಕಾಗಿಲ್ಲ.

ಹೆಡ್ಜಸ್‌ರ ಶ್ರುತಿಗೆ ಅವಸರ ಬೇಡ. ಅದರಲ್ಲಿ ಐದನೇ ತಂತಿಯನ್ನು ಎ ಇಂದ ಸಿ ವರೆಗೆ ಏರಿಸಬೇಕು. ನಾನು ಇದ್ದ ತಂತಿಯನ್ನೇ ಎಳೆಯುತ್ತಾ ಹೋದೆ. ಬಿ ದಾಟಿದ ಮೇಲೆ ಚಟ್ ಅಂತ ಹರಿದು ಮುಂಗೈಗೆ ಬಡಿಯಿತು, ಎರಡು ದಿನ ಬಾಸುಂಡೆ ಇತ್ತು. ಆಮೇಲೆ ಐದನೆಯ ಜಾಗಕ್ಕೆ ನಾಲ್ಕನೇ ತಂತಿಯಂಥದ್ದೇ ಇನ್ನೊಂದನ್ನು ಹಾಕಿ ಡಿ ಇಂದ ಸಿ ಗೆ ಇಳಿಸಿದೆ, ಸುಲಭವಾಗಿ ಕೂತಿತು. ಆರನೇ ತಂತಿ ಸಿ ಗೆ ಇಳಿದಾಗ ಸಡಿಲವಾಗಿ ಫ್ರೆಟ್ಟಿಗೆ ತಾಗಿ ಜರ್ ಅನ್ನುತ್ತದೆ. ಅದಕ್ಕೆ 12–53ರ ತಂತಿ ಸೆಟ್ಟಿಗಿಂತ ಸ್ವಲ್ಪ ದಪ್ಪನೆಯ 13–56ರ ಸೆಟ್ಟು ಒಳ್ಳೆಯದು (ಅಂಕಿಗಳು ತೆಳು ಮತ್ತು ದಪ್ಪ ತಂತಿಗಳ ಅಳತೆ, ಇಂಚಿನ ಸಾವಿರದ ಭಾಗದಲ್ಲಿ).

ಬಡಿತ ಕಲಿಯುವಾಗ ಮಣಿಕಟ್ಟು ಸಡಿಲ ಇರಲಿ, ಏಟು ಚಿಕ್ಕದಿರಲಿ. ಮುಂದಿನ ಹಲಗೆ ತೆಳ್ಳಗೆ ಇರುತ್ತದೆ, ಅದರ ಒಳಗೆ ಆಧಾರಕ್ಕೆ ಪಟ್ಟಿಗಳನ್ನು ಅಂಟಿಸಿರುತ್ತಾರೆ. ಜೋರಾಗಿ ಗುದ್ದಿದರೆ ಆ ಅಂಟು ಬಿಡಬಹುದು. ಸೀಡರ್ ಮರದ ಹಲಗೆ ಸ್ಪ್ರೂಸ್ ಮರದ್ದಕ್ಕಿಂತ ಮೆತ್ತಗೆ, ಉಗುರಿನ ಗೀರು ಬೇಗ ಬೀಳುತ್ತದೆ. ವಿಡಿಯೋದಲ್ಲಿ ಕೇಳುವ ದೊಡ್ಡ ಸದ್ದು ಏಟಿನ ಬಲದ್ದಲ್ಲ, ಗಿಟಾರಿನ ಒಳಗೆ ಕೂರಿಸಿದ ಪಿಕಪ್ (ಕಂಪನವನ್ನು ಹಿಡಿಯುವ ಸಾಧನ) ಮತ್ತು ಮೈಕಿನದು. ಮನೆಯಲ್ಲಿ ಬೆರಳ ತುದಿಯಿಂದ ತಟ್ಟಿದರೂ ಕಿವಿಗೆ ಸಾಕಾಗುತ್ತದೆ.

ಈಗ ನಮ್ಮ ಮನೆಯಲ್ಲಿ ಗಿಟಾರ್ ಹೆಚ್ಚು ದಿನ ಡ್ಯಾಡ್‌ಗ್ಯಾಡ್‌ನಲ್ಲೇ ಇರುತ್ತದೆ. ಹೋದ ವಾರ ತಂಬೂರಿಯ ಒಂದು ತಂತಿ ಹರಿದಿತ್ತು. ಅತ್ತೆ ಬೆಳಗಿನ ರಿಯಾಜಿಗೆ ಕೂತವರು ನನ್ನನ್ನು ಎಬ್ಬಿಸಿದರು. “ಅದನ್ನ ತಗೊಂಡು ಬಾ. ಆ ಮಧ್ಯಮದ ತಂತಿ ಒಂದು ಬಿಟ್ಟು, ಉಳದದ್ದು ಮೀಟಕೋತ ಕೂಡು.” ಅರ್ಧ ತಾಸು ಮೂರನೇ ತಂತಿ ಬಿಟ್ಟು ಮೀಟುತ್ತಾ ಕೂತೆ, ಅವರು ಡಿ ಗೆ ಷಡ್ಜ ಹಿಡಿದು ಭೈರವ ಹಾಡಿದರು.